ಎಡಪ್ಪಳ್ಳಿಯ ಕೂಡುದಾರಿಯಿಂದ: ಅಕ್ಷರ, ಯಂತ್ರ ಮತ್ತು ಬಳಸುವವರ ಹಕ್ಕು

ಕೊಚ್ಚಿ ನಗರದ ಉತ್ತರ ಭಾಗದಲ್ಲಿರುವ ಎಡಪ್ಪಳ್ಳಿಯಲ್ಲಿ ಎರಡು ಹೆದ್ದಾರಿಗಳು ಕೂಡುತ್ತವೆ. ಸೇಲಂನಿಂದ ಹೊರಟು ಕೊಯಮತ್ತೂರು, ಪಾಲಕ್ಕಾಡು, ತೃಶ್ಶೂರುಗಳನ್ನು ಹಾದು ಬರುವ 544ನೆಯ ರಾಷ್ಟ್ರೀಯ ಹೆದ್ದಾರಿಯು ಇಲ್ಲಿ 66ನೆಯ ಹೆದ್ದಾರಿಯನ್ನು ಸೇರುತ್ತದೆ. ಇಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ 66ನೆಯದು ಬರಿಯ ಸಂಖ್ಯೆಯಲ್ಲ, ಊರಿಗೆ ಹೋಗುವ ದಾರಿ. ಉತ್ತರಕ್ಕೆ ತಿರುಗಿದರೆ ಕೋಳಿಕ್ಕೋಡು, ಕಣ್ಣೂರು, ಕಾಸರಗೋಡು, ಮಂಜೇಶ್ವರ. ತಲಪಾಡಿ ದಾಟಿದರೆ ಮಂಗಳೂರು. ದಕ್ಷಿಣಕ್ಕೆ ತಿರುಗಿದರೆ ಆಲಪ್ಪುಳ, ಕೊಲ್ಲಂ, ತಿರುವನಂತಪುರ. ಈ ದಾರಿಯ ಇಕ್ಕೆಲಗಳಲ್ಲಿ ಕಳೆದ ನೂರಎಂಬತ್ತು ವರ್ಷಗಳಲ್ಲಿ ಕಲ್ಲಚ್ಚು, ಅಚ್ಚುಮೊಳೆ, ಬೆರಳಚ್ಚು ಯಂತ್ರ, ಗಣಕ, ಅಂಗೈಯ ಫೋನು ಒಂದರ ಹಿಂದೊಂದು ಬಂದಿವೆ. ಪ್ರತಿಯೊಂದೂ ಬಂದಾಗ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದ್ದಿದೆ: ಯಂತ್ರದ ಅಳತೆಗೆ ಮನುಷ್ಯನನ್ನು ಕತ್ತರಿಸಬೇಕೆ, ಮನುಷ್ಯನ ಅಳತೆಗೆ ಯಂತ್ರವನ್ನು ತಿದ್ದಬೇಕೆ?

ಪ್ರಶ್ನೆ ಹಳೆಯದಾದರೂ ನಮ್ಮ ಮನೆಯೊಳಗೆ ಅದು ದಿನವೂ ಏಳುತ್ತದೆ. ಊರಿನಿಂದ ಬಂದು ಮಕ್ಕಳ ಜೊತೆ ಇಲ್ಲಿ ಉಳಿದಿರುವ ತಾಯಂದಿರು ಕನ್ನಡವನ್ನು ಸರಾಗವಾಗಿ ಓದಬಲ್ಲರು; ಮಲಯಾಳದ ಲಿಪಿ ಅವರಿಗೆ ತಿಳಿಯದು, ಇಂಗ್ಲಿಷು ಅಲ್ಪಸ್ವಲ್ಪ. ಫೋನಿನ ಪರದೆಯಲ್ಲಿ ಪುಟಗಟ್ಟಲೆ ಷರತ್ತುಗಳು ಮೂಡಿ, ಕೆಳಗೆ ‘ಒಪ್ಪಿದ್ದೇನೆ’ ಎನ್ನುವ ಗುಂಡಿ ಇಂಗ್ಲಿಷಿನಲ್ಲಿ ಹೊಳೆಯುತ್ತದೆ. “ಇದನ್ನು ಒತ್ತಲೇನೋ ಮಗಾ?” ಎಂದು ಅವರು ಕೇಳುತ್ತಾರೆ. “ಒತ್ತಮ್ಮ, ಒತ್ತದಿದ್ದರೆ ಮುಂದಕ್ಕೆ ಹೋಗುವುದಿಲ್ಲ” ಎಂದು ನಾವು ಹೇಳುತ್ತೇವೆ. ಓದದೆ ಕೊಟ್ಟ ಈ ಒಪ್ಪಿಗೆ ಒಪ್ಪಿಗೆಯೇ? ಇದಕ್ಕೆ ಉತ್ತರ ಹುಡುಕಬೇಕಾದರೆ ದಾರಿಯನ್ನು ಮೊದಲಿನಿಂದ ನಡೆಯಬೇಕಾಗುತ್ತದೆ.

ಕಲ್ಲಚ್ಚಿನಿಂದ ಮುದ್ರೆಯ ಬಾಗಿಲಿಗೆ

1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದು ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಿತವಾದ ಪಾಕ್ಷಿಕ. ನಾಲ್ಕು ವರ್ಷಗಳ ತರುವಾಯ, 1847ರ ಜೂನಿನಲ್ಲಿ, ಇದೇ ಕರಾವಳಿಯಲ್ಲಿ ದಕ್ಷಿಣಕ್ಕಿರುವ ತಲಶ್ಶೇರಿಯ ಇಲ್ಲಿಕ್ಕುನ್ನಿನಿಂದ ಅದೇ ಮಿಷನ್ನಿನ ಹರ್ಮನ್ ಗುಂಡರ್ಟರು ‘ರಾಜ್ಯಸಮಾಚಾರಂ’ ಹೊರಡಿಸಿದರು. ಮಲಯಾಳದ ಪತ್ರಿಕೋದ್ಯಮ ಅಲ್ಲಿಂದ ಆರಂಭವಾಗುತ್ತದೆ. ಎರಡು ಭಾಷೆಗಳ ಪತ್ರಿಕೆಗಳೂ ಒಂದೇ ಕರಾವಳಿಯಲ್ಲಿ, ಒಂದೇ ಸಂಸ್ಥೆಯ ಕೈಯಲ್ಲಿ ಹುಟ್ಟಿದವು. ಕಲ್ಲಚ್ಚಿನಲ್ಲಿ ಒಂದು ಅನುಕೂಲವಿತ್ತು. ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನ ಮೇಲೆ ಇಳಿಯುತ್ತಿದ್ದುದರಿಂದ ಲಿಪಿಯು ಯಂತ್ರಕ್ಕೆ ಬಾಗಬೇಕಾಗಿರಲಿಲ್ಲ. ಆದರೆ ಯಂತ್ರ ಯಾರದು, ಏನನ್ನು ಅಚ್ಚು ಮಾಡಬೇಕು ಎಂಬ ತೀರ್ಮಾನ ಓದುಗನ ಕೈಯಲ್ಲಿರಲಿಲ್ಲ.

ಯಂತ್ರವು ನಾಡಿನ ಮಂದಿಯ ಕೈಗೆ ಬಂದ ಮೇಲೆ ಏನಾಯಿತೆಂಬುದಕ್ಕೆ ತಿರುವಾಂಕೂರಿನ ‘ಸ್ವದೇಶಾಭಿಮಾನಿ’ ಸಾಕ್ಷಿ. ವಕ್ಕಂ ಅಬ್ದುಲ್ ಖಾದರ್ ಮೌಲವಿಯವರು 1905ರಲ್ಲಿ ಅಂಜುತೆಂಗಿನಲ್ಲಿ ಈ ಪತ್ರಿಕೆಯನ್ನು ಸ್ಥಾಪಿಸಿದರು. ಮರುವರ್ಷ ಕೆ. ರಾಮಕೃಷ್ಣ ಪಿಳ್ಳೆಯವರು ಸಂಪಾದಕರಾದರು. ಮುಂದೆ ಪತ್ರಿಕೆ ತಿರುವನಂತಪುರಕ್ಕೆ ಬಂತು. ಮಾಲೀಕರು ಸಂಪಾದಕರ ಲೇಖನಿಗೆ ಅಡ್ಡಬರಲಿಲ್ಲ. ಸಂಪಾದಕರು ದಿವಾನರ ಆಡಳಿತವನ್ನು ಎಡೆಬಿಡದೆ ಟೀಕಿಸಿದರು. 1910ರ ಸೆಪ್ಟೆಂಬರ್ 26ರಂದು ಪೊಲೀಸರು ಮುದ್ರಣಾಲಯಕ್ಕೆ ಮುದ್ರೆ ಹಾಕಿದರು. ರಾಮಕೃಷ್ಣ ಪಿಳ್ಳೆಯವರನ್ನು ಯಾವ ವಿಚಾರಣೆಯೂ ಇಲ್ಲದೆ ರಾಜ್ಯದಿಂದ ಗಡೀಪಾರು ಮಾಡಲಾಯಿತು. ಅವರು 1916ರಲ್ಲಿ ಕಣ್ಣೂರಿನಲ್ಲಿ, ಹುಟ್ಟಿದ ರಾಜ್ಯದ ಹೊರಗೆಯೇ, ತೀರಿಕೊಂಡರು. 1932ರಲ್ಲಿ ಮೌಲವಿಯವರು ನಿಧನರಾಗುವವರೆಗೂ ಆ ಅಚ್ಚಿನ ಯಂತ್ರ ಅವರಿಗೆ ಮರಳಲಿಲ್ಲ.

ಈ ಪ್ರಸಂಗವನ್ನು ಸಂಪಾದಕನ ಧೈರ್ಯದ ಕಥೆಯಾಗಿ, ಮಾಲೀಕನ ತ್ಯಾಗದ ಕಥೆಯಾಗಿ ಕೇರಳ ನೆನೆಯುತ್ತದೆ, ಅದು ಸರಿಯೇ. ಆದರೆ ಅಲ್ಲಿ ಮೂರನೆಯವರೊಬ್ಬರಿದ್ದಾರೆ. ಮರುದಿನ ಪತ್ರಿಕೆಗಾಗಿ ಕಾದು ಅದು ಬಾರದೆ ಹೋದುದನ್ನು ಕಂಡ ಓದುಗ. ಏಕೆ ಬರಲಿಲ್ಲವೆಂದು ಅವನಿಗೆ ಉತ್ತರ ಹೇಳುವ ಹೊಣೆ ಯಾರಿಗೂ ಇರಲಿಲ್ಲ. ಹಕ್ಕು ಎಂಬ ಮಾತು ಆಗಿನ್ನೂ ಅವನವರೆಗೆ ಇಳಿದು ಬಂದಿರಲಿಲ್ಲ.

ಕತ್ತರಿಗೆ ಸಿಕ್ಕ ಲಿಪಿ

ರಾಜ್ಯಗಳು ಹೋಗಿ ಜನತಂತ್ರ ಬಂತು. ಕೇರಳ ಸರಕಾರವು ಮಲಯಾಳವನ್ನು ಆಡಳಿತ ಭಾಷೆಯನ್ನಾಗಿ ಮಾಡಲು ಹೊರಟಾಗ ಕಚೇರಿಗಳಲ್ಲಿದ್ದ ಬೆರಳಚ್ಚು ಯಂತ್ರವು ದೊಡ್ಡ ತೊಡಕಾಯಿತು. ಒಂದರ ಮೈಗೆ ಒಂದು ಹೆಣೆದುಕೊಂಡ ಕೂಡಕ್ಷರಗಳ ಆ ಲಿಪಿಗೆ ನೂರಾರು ಅಚ್ಚುಮೊಳೆಗಳು ಬೇಕಿದ್ದವು. ಬೆರಳಚ್ಚು ಯಂತ್ರದಲ್ಲಿ ಅಷ್ಟು ಕೀಲಿಗಳಿಗೆ ಎಡೆಯಿರಲಿಲ್ಲ. ಶೂರನಾಡು ಕುಞ್ಞನ್ ಪಿಳ್ಳೆಯವರ ಅಧ್ಯಕ್ಷತೆಯ ಸಮಿತಿ ಲಿಪಿಯನ್ನು ಸರಳಗೊಳಿಸುವ ಸಲಹೆ ನೀಡಿತು. 1971ರಲ್ಲಿ ಸರಕಾರದ ಆದೇಶ ಬಂತು. ಉಕಾರ, ಊಕಾರಗಳ ಚಿಹ್ನೆಗಳು ಅಕ್ಷರದಿಂದ ಬೇರೆಯಾಗಿ ಬಲಕ್ಕೆ ಸರಿದವು. ಅನೇಕ ಕೂಡಕ್ಷರಗಳು ಚಂದ್ರಕ್ಕಲ ಎಂಬ ಚಿಹ್ನೆಯ ನೆರವಿನಿಂದ ಬಿಡಿಬಿಡಿಯಾದವು. ಮೊಳೆಗಳ ಸಂಖ್ಯೆ ತೊಂಬತ್ತರ ಆಸುಪಾಸಿಗೆ ಇಳಿಯಿತು.

ಯಂತ್ರಕ್ಕಾಗಿ ಮಾಡಿದ ಈ ಏರ್ಪಾಟು ಯಂತ್ರದಲ್ಲಿಯೇ ನಿಲ್ಲಲಿಲ್ಲ. ಬರುಬರುತ್ತ ಪಠ್ಯಪುಸ್ತಕಗಳನ್ನೂ ಹೊಕ್ಕಿತು. ಮಕ್ಕಳು ಶಾಲೆಯಲ್ಲಿ ಒಂದು ಬಗೆಯ ಲಿಪಿ ಕಲಿತರು, ಹಿರಿಯರು ಮನೆಯಲ್ಲಿ ಇನ್ನೊಂದು ಬಗೆಯಲ್ಲಿ ಬರೆದರು. ಹೊಸದೂ ಹಳೆಯದೂ ಬೆರೆತ ಬರವಣಿಗೆ ಸಾಮಾನ್ಯವಾಯಿತು. ಇದರಲ್ಲಿ ಒಂದು ವಿಪರ್ಯಾಸವಿದೆ. ಎರಡು ದಶಕಗಳೊಳಗೆ ಗಣಕಯಂತ್ರ ಬಂತು. ಅದಕ್ಕೆ ನೂರು ಅಕ್ಷರರೂಪಗಳೂ ಒಂದೇ, ಸಾವಿರವೂ ಒಂದೇ. ಯಾವ ಕೊರತೆಗಾಗಿ ಲಿಪಿಯನ್ನು ಕತ್ತರಿಸಲಾಯಿತೋ ಆ ಕೊರತೆಯೇ ಮಾಯವಾಯಿತು. ಕತ್ತರಿಸಿದ ಲಿಪಿ ಮಾತ್ರ ಉಳಿಯಿತು.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ದೊಡ್ಡ ಕಂಪೆನಿಗಳವರು ಯಾರೂ ಇರಲಿಲ್ಲ. ತಿರುವನಂತಪುರದ ಕೇರಳ ಭಾಷಾ ಇನ್ಸ್‌ಟಿಟ್ಯೂಟಿನ ಆರ್. ಚಿತ್ರಜಕುಮಾರ್, ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿದ್ದ ಕೆ.ಎಚ್. ಹುಸೇನ್ ಮತ್ತು ಅವರ ಗೆಳೆಯರು 1999ರಲ್ಲಿ ‘ರಚನ ಅಕ್ಷರವೇದಿ’ಯನ್ನು ಕಟ್ಟಿದರು. ಒಂಬೈನೂರಕ್ಕೂ ಹೆಚ್ಚು ಅಕ್ಷರರೂಪಗಳುಳ್ಳ ‘ರಚನ’ ಎಂಬ ಅಕ್ಷರವಿನ್ಯಾಸವನ್ನು ರೂಪಿಸಿ, ಪೂರ್ಣ ಲಿಪಿಯನ್ನು ಗಣಕದಲ್ಲಿ ಮರಳಿ ನಿಲ್ಲಿಸಿದರು. ಮುಂದೆ ಅದನ್ನು ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಒಬ್ಬ ಗ್ರಂಥಪಾಲಕ, ಒಬ್ಬ ಭಾಷಾತಜ್ಞ, ಕೆಲವು ಗೆಳೆಯರು: ಯಂತ್ರದ ಅಳತೆಗೆ ಲಿಪಿಯನ್ನು ಕತ್ತರಿಸಿದ ಸರಕಾರಿ ಆದೇಶಕ್ಕೆ ಲಿಪಿಯನ್ನು ಬಳಸುವವರೇ ಕೊಟ್ಟ ಉತ್ತರ ಇದು.

ಕನ್ನಡಿಗರಾದ ನಮಗೆ ಈ ಕಥೆ ಹೊರಗಿನದಲ್ಲ. ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದ ಕೆ. ಅನಂತಸುಬ್ಬರಾಯರು ಗುಣಿತ ಮತ್ತು ಒತ್ತಕ್ಷರಗಳನ್ನು ಕೆಲವೇ ಕೀಲಿಗಳಲ್ಲಿ ಹಿಡಿಸುವ ಇದೇ ಸಮಸ್ಯೆಯನ್ನು ಎದುರಿಸಿದ್ದರು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡದ ಧ್ವನಿಕ್ರಮವನ್ನೇ ಆಧಾರವಾಗಿಟ್ಟುಕೊಂಡು ಗಣಕದ ಕೀಲಿಮಣೆಯನ್ನು ಯೋಜಿಸಿದರು. ‘ಸೇಡಿಯಾಪು’ ತಂತ್ರಾಂಶವನ್ನು ಬೆಲೆಯಿಲ್ಲದೆ ಹಂಚಿದರು. ಆ ವಿನ್ಯಾಸವನ್ನೇ ಕರ್ನಾಟಕ ಸರಕಾರ ಮುಂದೆ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಅದು ಮನೆಮನೆಗೆ ಬಂತು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದಾಗ ಹೊರನಾಡಿನ ಕನ್ನಡಿಗರಿಗೆ ಆದ ಸಂತೋಷವನ್ನು ಹಿರಿಯ ಓದುಗರು ಮರೆತಿರಲಾರರು. ಜೊತೆಗೆ ಆ ಕಾಲದ ಕಿರಿಕಿರಿಯೂ ನೆನಪಿರಬೇಕು. ಒಂದು ಗಣಕದಲ್ಲಿ ಟೈಪಿಸಿದ ಪತ್ರವು ಅದೇ ಅಕ್ಷರವಿನ್ಯಾಸವಿಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತಿತ್ತು. ಯುನಿಕೋಡ್ ಎಲ್ಲೆಡೆ ನೆಲೆಗೊಂಡ ಬಳಿಕವೇ ನಮ್ಮ ಬರಹ ನಮ್ಮ ಗಣಕದಿಂದ ಬಿಡುಗಡೆ ಪಡೆದದ್ದು.

ಕೇರಳದಲ್ಲಿ ಈ ಬಿಡುಗಡೆಯ ಮಾತು ಒಂದು ಚಳವಳಿಯಾಯಿತು. 2001ರ ಜುಲೈ 20ರಂದು ತಿರುವನಂತಪುರದಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರ ಉಪಸ್ಥಿತಿಯಲ್ಲಿ ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನ ಆರಂಭವಾಯಿತು. ತಂತ್ರಾಂಶವನ್ನು ಬಳಸಲು, ಬಿಚ್ಚಿ ನೋಡಲು, ತಿದ್ದಲು, ಹಂಚಲು ಬಳಸುವವರಿಗೆ ಸ್ವಾತಂತ್ರ್ಯವಿರಬೇಕೆಂಬುದು ಅದರ ತಿರುಳು. ಮರುವರ್ಷ ಕೋಳಿಕ್ಕೋಡಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ನಡುವೆ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಹುಟ್ಟಿತು. ಸರಕಾರಿ ಶಾಲೆಗಳ ‘ಐಟಿ ಅಟ್ ಸ್ಕೂಲ್’ ಯೋಜನೆಯು ಒಂದು ಕಂಪೆನಿಯ ತಂತ್ರಾಂಶವನ್ನು ಬಿಟ್ಟು ಮುಕ್ತ ತಂತ್ರಾಂಶಕ್ಕೆ ತಿರುಗಿತು. ಆ ತಿರುವಿನಲ್ಲಿ ಶಿಕ್ಷಕರ ಒತ್ತಾಯವಿತ್ತು. ಇದರಿಂದ ಉಪಕಾರ ಪಡೆದವರು ಮಲಯಾಳಿಗಳಷ್ಟೇ ಅಲ್ಲ. ಈ ಬಳಗದವರು ರೂಪಿಸಿದ ‘ಇಂಡಿಕ್ ಕೀಬೋರ್ಡ್’ ಎಂಬ ಫೋನಿನ ಕೀಲಿಮಣೆಯಲ್ಲಿ ಕನ್ನಡವೂ ಇದೆ. ನೆರೆಯವರ ಸ್ವಾತಂತ್ರ್ಯ ನಮ್ಮ ಬೆರಳ ತುದಿಗೂ ತಲುಪಿದ ಸಂಗತಿ ಇದು.

ಎಡಪ್ಪಳ್ಳಿಯ ಕವಿ, ಎಲ್ಲರ ಪುಸ್ತಕ

ಅಕ್ಷರವನ್ನು ಬರೆಯುವ ಹಕ್ಕಿನ ಜೊತೆಗೆ ಅದನ್ನು ಓದುವ ಹಕ್ಕೂ ಇದೆ. ಅದನ್ನು ಹೇಳಲು ನಾವು ಎಡಪ್ಪಳ್ಳಿಯನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. ಇಲ್ಲಿಯ ಮೆಟ್ರೊ ನಿಲ್ದಾಣವೊಂದರ ಹೆಸರು ಚಙ್ಙಂಪುಳ ಪಾರ್ಕ್. ಎಡಪ್ಪಳ್ಳಿಯಲ್ಲಿ ಹುಟ್ಟಿದ ಚಙ್ಙಂಪುಳ ಕೃಷ್ಣ ಪಿಳ್ಳೆಯವರು ತಮ್ಮ ಗೆಳೆಯ, ಕವಿ ಎಡಪ್ಪಳ್ಳಿ ರಾಘವನ್ ಪಿಳ್ಳೆಯವರ ಅಕಾಲ ಮರಣದ ದುಃಖದಲ್ಲಿ 1936ರಲ್ಲಿ ಬರೆದ ‘ರಮಣನ್’ ಮಲಯಾಳಿಗಳ ನಾಲಗೆಯ ಮೇಲೆ ನೆಲೆಸಿದ ಕಾವ್ಯ. ಕೊಳ್ಳಲಾಗದವರು ಕೈಬರಹದಲ್ಲಿ ಪ್ರತಿ ಮಾಡಿಕೊಂಡು ಓದಿದರೆಂದು ಇಲ್ಲಿಯ ಹಿರಿಯರು ಇಂದಿಗೂ ಹೇಳುತ್ತಾರೆ.

ಕವಿ 1948ರಲ್ಲಿ, ಮೂವತ್ತಾರರ ಹರೆಯದಲ್ಲಿ ತೀರಿಕೊಂಡರು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರ ಮರಣಾನಂತರ 50 ವರ್ಷ ಹಕ್ಕು ಉಳಿಯುತ್ತಿತ್ತು. 1992ರ ತಿದ್ದುಪಡಿ ಅದನ್ನು 60ಕ್ಕೆ ಏರಿಸಿತು. ಆ ಲೆಕ್ಕದಲ್ಲಿ 2009ರ ಜನವರಿ 1ರಿಂದ ಚಙ್ಙಂಪುಳರ ಕೃತಿಗಳು ಸಾರ್ವಜನಿಕರ ಸ್ವತ್ತಾದವು. ಇಂದು ಮಲಯಾಳದ ವಿಕಿಗ್ರಂಥಶಾಲೆಯಲ್ಲಿ ಅವರ ಕಾವ್ಯ ಯಾರಿಗೂ ಓದಲು ದೊರೆಯುತ್ತದೆ. ಸ್ವಯಂಸೇವಕರು ಕೂತು ಬೆರಳಚ್ಚಿಸಿದ ಆ ಪುಟಗಳು ಹಿಂದೆ ಕೈಬರಹದಲ್ಲಿ ಪ್ರತಿ ಮಾಡಿಕೊಂಡವರ ಕೆಲಸದ ಮುಂದುವರಿಕೆಯೇ ಆಗಿವೆ.

ಇದೇ ದಾರಿಯ ಉತ್ತರ ತುದಿಯಲ್ಲಿ ನಮ್ಮ ಮಂಜೇಶ್ವರವಿದೆ. ರಾಷ್ಟ್ರಕವಿ ಗೋವಿಂದ ಪೈಗಳು 1963ರಲ್ಲಿ ನಿಧನರಾದರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು ಅದೇ ಲೆಕ್ಕದಲ್ಲಿ 2024ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ಊರಿನ ಗ್ರಂಥಾಲಯ ದೂರವಿರುವ, ಕನ್ನಡ ಪುಸ್ತಕದಂಗಡಿ ಸಮೀಪದಲ್ಲಿಲ್ಲದ ಹೊರನಾಡಿನ ನಮ್ಮಂಥವರಿಗೆ ಇದರ ಬೆಲೆ ದೊಡ್ಡದು. ಆದರೆ ಕಾಯಿದೆ ಬಾಗಿಲನ್ನು ತೆರೆಯುತ್ತದೆಯೇ ಹೊರತು ಪುಸ್ತಕವನ್ನು ಒಳಗೆ ತಂದಿಡುವುದಿಲ್ಲ. ಪುಟ ಪುಟವಾಗಿ ಬೆರಳಚ್ಚಿಸಿ, ತಿದ್ದಿ, ಏರಿಸುವ ಕೆಲಸ ನಮ್ಮದು.

ಮಾತಿಗೆ ಹಾಕಿದ ಬೇಲಿ

ಬರೆಯುವ, ಓದುವ ಸಾಧನ ಕೈಗೆ ಬಂದಾಗ ಆಡಳಿತಕ್ಕೆ ಮತ್ತೆ 1910ರ ಹಳೆಯ ಅಳುಕು ಮರಳಿತು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯು ಕಿರಿಕಿರಿ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷಗಳ ಸೆರೆವಾಸವನ್ನು ಇಟ್ಟಿತ್ತು. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಇಬ್ಬರು ತರುಣಿಯರು ಒಂದು ಫೇಸ್‌ಬುಕ್ ಬರಹಕ್ಕಾಗಿ, ಅದನ್ನು ಮೆಚ್ಚಿದ್ದಕ್ಕಾಗಿ ಬಂಧನಕ್ಕೊಳಗಾದರು. ಇದನ್ನು ಕಂಡು ಕಾನೂನು ಕಲಿಯಲು ಹೊರಟಿದ್ದ ಶ್ರೇಯಾ ಸಿಂಘಾಲ್ ಎಂಬ ತರುಣಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2015ರ ಮಾರ್ಚ್ 24ರಂದು ನ್ಯಾಯಾಲಯ 66ಎ ವಿಧಿಯನ್ನು ರದ್ದುಗೊಳಿಸಿತು. ಅದೇ ತೀರ್ಪಿನಲ್ಲಿ ಕೇರಳ ಪೊಲೀಸ್ ಕಾಯಿದೆಯ 118(ಡಿ) ಎಂಬ, ಅಂಥದೇ ಸ್ವರೂಪದ ವಿಧಿಯೂ ಬಿದ್ದುಹೋಯಿತು.

ಬಿದ್ದ ಬೇಲಿ ಐದು ವರ್ಷಗಳಲ್ಲಿ ಮತ್ತೆ ಎದ್ದಿತು. 2020ರ ನವೆಂಬರ್ 21ರಂದು ಕೇರಳದ ರಾಜ್ಯಪಾಲರು 118ಎ ವಿಧಿಯ ಸುಗ್ರೀವಾಜ್ಞೆಗೆ ಅಂಕಿತ ಹಾಕಿದರು. ಯಾವುದೇ ಮಾಧ್ಯಮದಲ್ಲಿ ಬೆದರಿಸುವ, ಹೀಗಳೆಯುವ, ಮಾನಹಾನಿ ಮಾಡುವ ಮಾತಿಗೆ ಮೂರು ವರ್ಷಗಳವರೆಗಿನ ಸೆರೆ, ಇಲ್ಲವೆ 10,000 ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡೂ. ಅಂತರ್ಜಾಲದಲ್ಲಿ ಹೆಂಗಸರ ಮೇಲೆ ನಡೆಯುವ ಹೀನ ದಾಳಿಗಳನ್ನು ತಡೆಯುವುದೇ ಉದ್ದೇಶವೆಂದು ಸರಕಾರ ಹೇಳಿತು. ಆ ದಾಳಿಗಳು ನಿಜ. ಅವುಗಳ ನೋವೂ ನಿಜ. ಆದರೆ ವಿಧಿಯ ಬಲೆ ಎಷ್ಟು ಅಗಲವಾಗಿತ್ತೆಂದರೆ ಪತ್ರಕರ್ತನೂ, ವ್ಯಂಗ್ಯಚಿತ್ರಕಾರನೂ, ಪಂಚಾಯತಿಯ ವಿರುದ್ಧ ನಾಲ್ಕು ಸಾಲು ಬರೆದ ನೆರೆಮನೆಯವನೂ ಅದರೊಳಗೆ ಬೀಳಬಹುದಾಗಿತ್ತು. ಆಳುವ ಪಕ್ಷದೊಳಗಿನಿಂದಲೂ ಹೊರಗಿನಿಂದಲೂ ಆಕ್ಷೇಪಗಳು ಬಂದವು. ಎರಡೇ ದಿನಗಳಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರು ಅದನ್ನು ಜಾರಿಗೊಳಿಸುವುದಿಲ್ಲವೆಂದರು. ಅದೇ ವಾರ ಸುಗ್ರೀವಾಜ್ಞೆಯನ್ನು ಹಿಂತೆಗೆದುಕೊಳ್ಳಲಾಯಿತು. 1910ರಲ್ಲಿ ಓದುಗನಿಗೆ ಉತ್ತರ ಹೇಳುವವರಿರಲಿಲ್ಲ. 2020ರಲ್ಲಿ ಉತ್ತರ ಹೇಳಲೇಬೇಕಾಯಿತು. ನೂರಹತ್ತು ವರ್ಷಗಳಲ್ಲಿ ಆದ ಬದಲಾವಣೆ ಇದು, ಸಣ್ಣದೇನಲ್ಲ.

ಹಾಸ್ಟೆಲಿನ ಫೋನು, ಮನೆಯ ಟಿವಿ

ಈಗ ಎಡಪ್ಪಳ್ಳಿಯಿಂದ ಕೆಲವೇ ಕಿಲೋಮೀಟರ್ ದೂರದ ಎರ್ನಾಕುಲಕ್ಕೆ, ಕೇರಳ ಹೈಕೋರ್ಟಿಗೆ ಬರೋಣ. ಕೋಳಿಕ್ಕೋಡು ಜಿಲ್ಲೆಯ ಚೇಳನ್ನೂರಿನ ಕಾಲೇಜೊಂದರ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಫೋನು ಬಳಸಕೂಡದೆಂಬ ನಿಯಮವಿತ್ತು. ಬಿ.ಎ. ವಿದ್ಯಾರ್ಥಿನಿ ಫಹೀಮಾ ಶಿರಿನ್ ಅದನ್ನು ಒಪ್ಪಲಿಲ್ಲ. ಓದಿಗೆ ಬೇಕಾದುದನ್ನು ತಾನು ಫೋನಿನಲ್ಲಿಯೇ ಓದುತ್ತೇನೆಂಬುದು ಅವರ ವಾದ. ಅವರನ್ನು ಹಾಸ್ಟೆಲಿನಿಂದ ಹೊರಹಾಕಲಾಯಿತು. 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ.ವಿ. ಆಶಾ ಅವರು ನೀಡಿದ ತೀರ್ಪಿನಲ್ಲಿ, ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಸಂವಿಧಾನದ 21ನೆಯ ವಿಧಿಯಡಿಯ ಖಾಸಗಿತನದ ಹಕ್ಕಿನ ಅಂಗವೆಂದು ಹೇಳಿ, ವಿದ್ಯಾರ್ಥಿನಿಯನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿದರು.

ಖಾಸಗಿತನದ ಹಕ್ಕು ಎಂಬ ಆ ನೆಲೆಗಟ್ಟು ಎಲ್ಲಿಂದ ಬಂತೆಂದು ನೋಡಿದರೆ ನಮಗೆ ಹೆಮ್ಮೆಯೆನಿಸುವ ಹೆಸರೊಂದು ಸಿಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ಆಸುಪಾಸಿನ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಬೆಂಗಳೂರಿನಲ್ಲಿದ್ದ ವೃದ್ಧರೊಬ್ಬರ ಹಠ ಸುಮಾರು ಎರಡು ವರ್ಷಗಳ ಬಳಿಕ ಕೋಳಿಕ್ಕೋಡಿನ ಹುಡುಗಿಯೊಬ್ಬಳ ಕೋಣೆಯ ಬಾಗಿಲನ್ನು ಕಾಯಿತು. 2020ರ ಏಪ್ರಿಲಿನಲ್ಲಿ, ಕೋವಿಡ್ ಕಾಲದ ಆರೋಗ್ಯ ಮಾಹಿತಿಯನ್ನು ಕೇರಳ ಸರಕಾರವು ಅಮೆರಿಕದ ಸ್ಪ್ರಿಂಕ್ಲರ್ ಕಂಪೆನಿಗೆ ವಹಿಸಿದಾಗಲೂ ಇದೇ ಹೈಕೋರ್ಟು ಮಧ್ಯಂತರ ಆದೇಶ ನೀಡಿತು. ಹೆಸರು ಗುರುತುಗಳನ್ನು ಅಳಿಸಿದ ಬಳಿಕವೇ ಮಾಹಿತಿಯನ್ನು ಕೊಡಬೇಕು, ಜನರಿಗೆ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕು ಎಂಬುದು ಅದರ ಸಾರ.

ಆದರೆ ತೀರ್ಪಿನ ಹಾಳೆಯ ಮೇಲಿನ ಹಕ್ಕು ಗುಡಿಸಲಿಗೆ ತಂತಿ ಎಳೆಯುವುದಿಲ್ಲ. 2020ರ ಜೂನ್ 1ರಂದು ಕೇರಳದ ಶಾಲೆಗಳ ಪಾಠಗಳು ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಎಂಬ ಹೆಸರಿನಲ್ಲಿ ಆರಂಭವಾದವು. ಅದೇ ದಿನ ಮಲಪ್ಪುರಂ ಜಿಲ್ಲೆಯಲ್ಲಿ ದಲಿತ ಕೂಲಿಕಾರ ಕುಟುಂಬದ ಶಾಲಾ ಬಾಲಕಿಯೊಬ್ಬಳು ಪ್ರಾಣ ಕಳೆದುಕೊಂಡಳು. ಮನೆಯ ಟಿವಿ ಕೆಟ್ಟಿತ್ತು, ಪಾಠ ನೋಡಬಲ್ಲಂಥ ಫೋನಿರಲಿಲ್ಲ ಎಂದು ತಂದೆ ಹೇಳಿದರು. ಮನೆಗೊಬ್ಬರು ಗಣಕ ಸಾಕ್ಷರರಾಗಬೇಕೆಂಬ ‘ಅಕ್ಷಯ’ ಯೋಜನೆ 2002ರಲ್ಲಿ ಮೊದಲು ಆರಂಭವಾದದ್ದು ಅದೇ ಮಲಪ್ಪುರಂ ಜಿಲ್ಲೆಯಲ್ಲಿ. ಇದನ್ನು ನೆನೆದಾಗ ಮಾತು ಕಟ್ಟುತ್ತದೆ. ಆ ಸಾವಿನ ಬಳಿಕ ಗ್ರಂಥಾಲಯಗಳು, ಸಂಘಟನೆಗಳು, ಶಿಕ್ಷಕರು ಊರೂರಿಗೆ ಟಿವಿ, ಫೋನುಗಳನ್ನು ತಲುಪಿಸಲು ಓಡಾಡಿದರು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿಯುಳ್ಳ ಸರಕಾರಿ ಜಾಲ ‘ಕೆ-ಫೋನ್’ ಉದ್ಘಾಟನೆಯಾದದ್ದು 2023ರ ಜೂನ್ 5ರಂದು.

ಆ ದಿನಗಳಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಪಾಡು ಬೇರೆಯಾಗಿತ್ತು. ವಾಹಿನಿಯ ಪಾಠಗಳು ಮಲಯಾಳದಲ್ಲಿದ್ದವು. ಕನ್ನಡದ ಪಾಠಗಳನ್ನು ಬೇರೆಯಾಗಿ ಸಿದ್ಧಪಡಿಸಿ ಯೂಟ್ಯೂಬಿನ ಮೂಲಕ ನೀಡಲಾಯಿತು. ಅಲ್ಲಿಯ ಶಿಕ್ಷಕರು ಅದಕ್ಕಾಗಿ ಪಟ್ಟ ಶ್ರಮ ದೊಡ್ಡದು. ಆದರೂ ಬಹುಸಂಖ್ಯಾತರ ಮಗುವಿಗೆ ಟಿವಿ ಸಾಕಾದಲ್ಲಿ ಅಲ್ಪಸಂಖ್ಯಾತರ ಮಗುವಿಗೆ ಅಂತರ್ಜಾಲವೂ ಬೇಕಾಯಿತು ಎಂಬುದನ್ನು ಮರೆಯಲಾಗದು. ತಂತ್ರಜ್ಞಾನದ ಅಸಮತೆ ಬಡತನದ ಜೊತೆಗೆ ಭಾಷೆಯ ಗೆರೆಯನ್ನೂ ಹಿಡಿದು ಸಾಗುತ್ತದೆ.

ನೆಲದ ಹಕ್ಕು, ನುಡಿಯುವವರ ಹಕ್ಕು

ಇಲ್ಲಿಗೆ ನಾವು ಮೊದಲ ಪ್ರಶ್ನೆಗೆ, ಓದದೆ ಒತ್ತುವ ಆ ಗುಂಡಿಗೆ ಮರಳುತ್ತೇವೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದೆಂದೂ ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದೂ ಹೇಳಿತು. ಕಾಗದದ ಕಾಲದ ಕಾಯಿದೆ ಅದು. ಕನ್ನಡದಲ್ಲಿ ಅರ್ಜಿ ಬರೆಯಲು ಒಂದು ಹಾಳೆ, ಒಂದು ಲೇಖನಿ ಸಾಕಿತ್ತು. ಕಚೇರಿಯ ಒಪ್ಪಿಗೆ ಬೇಕಿರಲಿಲ್ಲ. ಈಗ ಅರ್ಜಿ ಪರದೆಯ ಮೇಲಿದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲದಿದ್ದರೆ ಬರೆಯಲು ಜಾಗವೇ ಇಲ್ಲ. 1971ರಲ್ಲಿ ಕೀಲಿಗಳು ಸಾಲದೆಂದು ಅಕ್ಷರಗಳನ್ನು ಬಿಟ್ಟಂತೆ ಈಗ ಪಟ್ಟಿ ಉದ್ದವಾಗುತ್ತದೆಂದು ಭಾಷೆಗಳನ್ನೇ ಬಿಡುವ ಅಪಾಯವಿದೆ. ಕಾಗದಕ್ಕೆ ಸಂದ ಹಕ್ಕು ಪರದೆಗೂ ಸಲ್ಲಬೇಕೆಂದು ಕಾಸರಗೋಡಿನವರು ಕೇಳಿದರೆ ಅದು ಹೊಸ ಬೇಡಿಕೆಯಲ್ಲ, ಐವತ್ತು ವರ್ಷ ಹಳೆಯ ಕಾಯಿದೆಯ ನೇರ ಅರ್ಥ.

ಆದರೆ ಎಡಪ್ಪಳ್ಳಿಯ ನಮಗೆ, ಪುಣೆಯಲ್ಲಿಯೋ ದೆಹಲಿಯಲ್ಲಿಯೋ ಇರುವ ಕನ್ನಡಿಗರಿಗೆ ಆ ಬಗೆಯ ಕಾಯಿದೆಯ ಆಸರೆಯಿಲ್ಲ. ಭಾಷೆಯ ಹಕ್ಕು ಇಲ್ಲಿಯವರೆಗೆ ನೆಲಕ್ಕೆ ಅಂಟಿಕೊಂಡಿತ್ತು. ನೆಲ ಬಿಟ್ಟವರು ಹಕ್ಕನ್ನೂ ಬಿಟ್ಟು ಬಂದಂತೆಯೇ. ಈ ಹಿನ್ನೆಲೆಯಲ್ಲಿ 2023ರ ಆಗಸ್ಟಿನಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಒಂದು ಮಾತು ನಮ್ಮ ಗಮನಕ್ಕೆ ಬರಬೇಕು. ನಮ್ಮ ಮಾಹಿತಿಯನ್ನು ಪಡೆಯುವವರು ಏಕೆ ಪಡೆಯುತ್ತೇವೆಂಬ ಸೂಚನೆಯನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಓದುವವರು ಯಾವ ರಾಜ್ಯದಲ್ಲಿರಬೇಕೆಂದು ಕಾಯಿದೆ ಕೇಳುವುದಿಲ್ಲ. ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ, ಹಿಂತೆಗೆದುಕೊಳ್ಳಲೂ ಬರುವಂತಿರಬೇಕೆಂದು ಅದು ಹೇಳುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಜಾರಿ ಹಂತಹಂತವಾಗಿ.

ಈ ಕಾಯಿದೆ ನಿರ್ದೋಷಿಯೆಂದು ನಾವು ಹೇಳುತ್ತಿಲ್ಲ. ಸರಕಾರಕ್ಕೇ ಅದು ಕೊಟ್ಟಿರುವ ವಿನಾಯಿತಿಗಳು ಅಗಲವಾಗಿವೆ; ಪುಟ್ಟಸ್ವಾಮಿಯವರು ಪ್ರಶ್ನಿಸಿದ್ದೂ ಸರಕಾರವನ್ನೇ ಎಂಬುದನ್ನು ನೆನೆದರೆ ಆ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಆದರೂ ಭಾಷೆಯ ಹಕ್ಕನ್ನು ನೆಲದಿಂದ ಬಿಡಿಸಿ ಅದನ್ನು ನುಡಿಯುವವರ ಕೈಗೆ ಇಡುವ ಒಂದು ಬೀಜ ಅದರಲ್ಲಿದೆ. ಕೇಳದೆ ಇದ್ದರೆ ಅದು ಮೊಳೆಯಲಾರದು. ಬ್ಯಾಂಕಾಗಲಿ, ಆಸ್ಪತ್ರೆಯಾಗಲಿ, ಅಂಗಡಿಯಾಗಲಿ, ನಮ್ಮ ಒಪ್ಪಿಗೆ ಕೇಳಿದಾಗ “ಕನ್ನಡದಲ್ಲಿ ಕೊಡಿ, ಓದಿ ಹೇಳುತ್ತೇವೆ” ಎನ್ನುವ ಅಭ್ಯಾಸ ನಮಗಾಗಬೇಕು. ರಚನ ಅಕ್ಷರವೇದಿಯವರು ಲಿಪಿಯನ್ನು ಕೇಳಿದರು. ಫಹೀಮಾ ಸಂಜೆಯ ನಾಲ್ಕು ಗಂಟೆಗಳನ್ನು ಕೇಳಿದರು. ಪುಟ್ಟಸ್ವಾಮಿಯವರು ಖಾಸಗಿತನವನ್ನು ಕೇಳಿದರು. ಅವರಲ್ಲಿ ಯಾರೂ ಅಧಿಕಾರದಲ್ಲಿರಲಿಲ್ಲ.

ಮುಂದಿನ ಸಲ ತಾಯಿ “ಇದನ್ನು ಒತ್ತಲೇನೋ ಮಗಾ?” ಎಂದು ಕೇಳಿದಾಗ ನಾವು ಅವಸರಪಡುವುದಿಲ್ಲ. “ತಾಳಮ್ಮ, ಇದರಲ್ಲಿ ಕನ್ನಡ ಇದೆಯೇ ನೋಡೋಣ. ಇಲ್ಲದಿದ್ದರೆ ಕೇಳೋಣ” ಎನ್ನುತ್ತೇವೆ.